ಅತ್ತೆಯ ಹನಿ, ನನ್ನ ಕಣ್ಣು

ನಮ್ಮ ಮೈಯೊಳಗೆ ನಮ್ಮ ಮಾತು ಕೇಳದ ನರಗಳಿವೆಯಂತೆ. ಎದೆ ಬಡಿಯುವುದು, ಬೆವರುವುದು, ಬಾಯಲ್ಲಿ ನೀರೂರುವುದು, ಬೆಳಕು ಕಂಡರೆ ಕಣ್ಣಿನ ಪಾಪೆ ಕಿರಿದಾಗುವುದು ಎಲ್ಲ ಅವುಗಳದೇ ಕಾರುಬಾರು. ಚನ್ನಪಟ್ಟಣದ ಕಣ್ಣಿನ ಡಾಕ್ಟರು ಇದನ್ನು ವಿವರಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಮಾತು ಕೇಳದವರ ಜೊತೆ ಬದುಕುವುದು ಹೊಸದಲ್ಲ. ಸಿಟ್ಟು ಬಂದದ್ದು, ನನ್ನ ಮಾತು ಕೇಳದ ನರ ಯಾರೋ ಕಾಂಪೌಂಡರ್ ಬಿಟ್ಟ ಹನಿಯ ಮಾತು ಕೇಳಿತಲ್ಲ, ಅದಕ್ಕೆ!

ನಾನು ತೋರಿಸಲು ಹೋದದ್ದು ಅತ್ತೆಯ ಕಣ್ಣನ್ನು. ಪೊರೆ ಬಂದು ಅವರಿಗೆ ಮಂಜಾದಾಗಿನಿಂದ ಹಣ್ಣುಹುಳ ಆರಿಸುವ ಕೆಲಸ ನನ್ನದು. ರೇಷ್ಮೆ ಮನೆಯಲ್ಲಿ ಇದು ಸಣ್ಣ ಅಧಿಕಾರವಲ್ಲ. ಸೊಪ್ಪು ತಿನ್ನುವುದು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ಸಿದ್ಧವಾದ ಹುಳವನ್ನಷ್ಟೇ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಗೆ ಬಿಡಬೇಕು. ಎಳೆಯದನ್ನು ಬಿಟ್ಟರೆ ಗೂಡು ತೆಳು. ತಡ ಮಾಡಿದರೆ ಸೊಪ್ಪು ಹಾಕುವ ತಟ್ಟೆಯಲ್ಲೇ ನೂಲು ಬಿಟ್ಟು ಬೆಳೆ ಹಾಳು. ಊರೆಲ್ಲ ರಾಗಿ ಹೊಲದಲ್ಲಿ ಹಿಪ್ಪುನೇರಳೆ ಹಾಕಿದ ಕಾಲ ಅದು. ಮನೆಯ ಗೂಡು ನೋಡಿ ಸೊಸೆಯ ಗುಣ ಹೇಳುತ್ತಿದ್ದರು.

ಹುಳ ಹಣ್ಣಾಗಲು ಇನ್ನೂ ಎರಡು ದಿನವಿದೆ ಎಂದು ಹೊರಟೆವು. ಆಸ್ಪತ್ರೆಯ ಬೆಂಚಿನಲ್ಲಿ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತರು. "ಹಿಂಗೆ ತಲೆ ಎತ್ತಿ, ಹಿಂಗೆ ಕಣ್ಣು ಬುಡಿ ಅತ್ತೆಮ್ಮ" ಎಂದು ಮಾಡಿ ತೋರಿಸಿದೆ. ಎತ್ತಿದ ಮುಖಗಳಿಗೆಲ್ಲ ಹನಿ ಬಿಡುತ್ತ ಬರುತ್ತಿದ್ದ ಕಾಂಪೌಂಡರ್ ನನಗೂ ಬಿಟ್ಟ. "ಅಯ್ಯೋ, ನನಗಲ್ಲ!" ಅನ್ನುವಷ್ಟರಲ್ಲಿ ಇನ್ನೊಂದು ಕಣ್ಣಿಗೂ ಬಿತ್ತು. "ಅಲ್ಲಾಡ್ಬೇಡಮ್ಮ, ವೇಸ್ಟಾಯ್ತದೆ" ಎಂದು ಗದರಿಸಿದ್ದು ಬೇರೆ! ಅತ್ತೆ ಎದ್ದೇಬಿಟ್ಟರು. "ಮನೆಗೊಬ್ರಿಗೆ ಬುಟ್ರಲ್ಲ, ಸಾಕು ನಡಿ."

ಗಲಾಟೆ ಕೇಳಿ ಹೊರಗೆ ಬಂದ ಡಾಕ್ಟರು ನಕ್ಕರು. ಪಾಪೆಯನ್ನು ಕಿರಿದು ಮಾಡುವ ನರದ ಮಾತನ್ನು ಈ ಔಷಧ ತಡೆಯುತ್ತದಂತೆ. ಪಾಪೆ ಅಗಲವಾಗಿ ಹತ್ತಿರದ್ದೆಲ್ಲ ಎರಡು ದಿನ ಮಸುಕಂತೆ. ನಮ್ಮ ಯಜಮಾನರು ಹೊಟ್ಟೆನುಲಿತಕ್ಕೆ ನುಂಗುವ ಮಾತ್ರೆಯೂ ಇದರ ದಾಯಾದಿಯಂತೆ. ಇರಬೇಕು. ಅದನ್ನು ನುಂಗಿದ ದಿನ ಅವರ ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿ, ಮನೆಯಲ್ಲಿ ಸಂಜೆಯವರೆಗೆ ನೆಮ್ಮದಿ. ಅಂಥ ಔಷಧದ ಬಗ್ಗೆ ನನ್ನದೇನೂ ತಕರಾರಿಲ್ಲ.

ಬಿಸಿಲು ಚುಚ್ಚದಿರಲೆಂದು ಸೆರಗು ಮುಚ್ಚಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಯಜಮಾನರು. "ಎಲ್ಲೋಗಿದ್ರಿ ಇಷ್ಟೊತ್ತು? ಸೆಕೆಗೆ ಉಳ ಇವತ್ತೇ ಅಣ್ಣಾಗ್ಬುಟ್ಟವೆ!"

ತಟ್ಟೆ ನೋಡಿದೆ. ನನ್ನ ಕಣ್ಣಿಗೆ ಎಲ್ಲ ಹುಳವೂ ಥಳಥಳ, ಎಲ್ಲವೂ ಹಣ್ಣು. ಬಾಚಿ ಬಾಚಿ ಚಂದ್ರಿಕೆಗೆ ಬಿಟ್ಟೆ. ಅತ್ತೆ ಒಂದನ್ನು ಬೆರಳಲ್ಲಿ ಸವರಿದರು. "ಇದ್ಯಾಕವ್ವ ಎಳೇವ್ನೆಲ್ಲ ಬುಡ್ತಿದ್ದೀಯ? ಇನ್ನೂ ಸೊಪ್ಪು ಕೇಳ್ತಾವೆ" ಎಂದು ನಾನು ಬಿಟ್ಟದ್ದನ್ನು ತಟ್ಟೆಗೆ ವಾಪಸು ಹಾಕಿದರು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಟ್ಟಿ ಮುಟ್ಟಿಯೇ ಹೊತ್ತು ಮುಳುಗುವುದರೊಳಗೆ ಹಣ್ಣನ್ನೆಲ್ಲ ಬೇರೆ ಮಾಡಿದರು. ಬೆಳೆ ಉಳಿಯಿತು. ನನ್ನ ಮರ್ಯಾದೆ? ನೋಡಲು ಬಂದ ಪಕ್ಕದ ಮನೆಯವಳಿಗೆ ಅತ್ತೆ ಹೇಳಿದರು: "ನಮ್ ಸೊಸೆಗೆ ಕಣ್ಣು ಇಷ್ಟಗಲ ಆಗೈತೆ ಕಣವ್ವ. ಆದ್ರೂ ಕಾಣಾಕಿಲ್ಲ."

ಮೂರನೇ ದಿನ ಪಾಪೆ ಕಿರಿದಾಯಿತು, ಸಿಟ್ಟು ಕಿರಿದಾಗಲಿಲ್ಲ. ಆ ಕಾಂಪೌಂಡರ್ ನೆನಪಾದರೆ ಈಗಲೂ ಎದೆ ಬಡಿದುಕೊಳ್ಳುತ್ತದೆ. ಮುಂದಿನ ಬೆಳೆಯಲ್ಲಿ, ಯಾರೂ ನೋಡದಾಗ, ನಾನೂ ಕಣ್ಣು ಮುಚ್ಚಿ ಒಂದು ಹುಳವನ್ನು ಸವರಿದೆ. ಮೆತ್ತಗಿತ್ತು. ಹಣ್ಣೇ, ಸಂದೇಹವಿಲ್ಲ. ಚಂದ್ರಿಕೆಗೆ ಎತ್ತಿದ್ದೇ ತಡ, ಬಾಗಿಲ ಬಳಿಯಿಂದ ಅತ್ತೆಯ ದನಿ: "ಅದ್ನ ಮಡಗು. ಇನ್ನೊಂದಿನ ಆಗ್ಬೇಕು."

ಪೊರೆ ಬಂದ ಕಣ್ಣಿಗೆ ಅಷ್ಟು ದೂರದಿಂದ ಅದು ಹೇಗೆ ಕಂಡಿತೋ! ಸರಿಯಾಗಿ ಉತ್ತರ ಕೊಡೋಣವೆಂದರೆ ನನ್ನ ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಯಾವ ಮಾತ್ರೆಯನ್ನೂ ನುಂಗಿರಲಿಲ್ಲ.