ವಿಮಾನ ಸುಡುವ ನಮ್ಮ ಭಾವ

ನಮ್ಮ ಭಾವನಷ್ಟು ವಿಮಾನ ಸುಟ್ಟವರು ಇಡೀ ಅಹಮದಾಬಾದಿನಲ್ಲಿ ಇನ್ನೊಬ್ಬರಿಲ್ಲ! ಗಾಬರಿಯಾಗಬೇಡಿ, ಪೊಲೀಸರಿಗೂ ಹೇಳಬೇಡಿ. ಅದೇ ಅವರ ನೌಕರಿ. ನಾರು, ಅಂಟು ಸೇರಿಸಿ ಮಾಡಿದ ವಿಮಾನದ ಹಲಗೆಯ ತುಂಡುಗಳನ್ನು ಊರಂಚಿನ ನರೋಡಾದ ಒಂದು ಲ್ಯಾಬಿನಲ್ಲಿ ಬೆಂಕಿಗೆ ಹಿಡಿಯುವುದು. ಆಮೇಲೆ ಎಳೆದು, ಒತ್ತಿ, ಬಗ್ಗಿಸಿ, ಎಷ್ಟು ಬಲ ಉಳಿದಿದೆ ಅಂತ ಬರೆದಿಡುವುದು. ತೊಂಬತ್ತರ ದಶಕದಲ್ಲಿ ಬ್ಯಾಂಕಿನವರು ನನ್ನನ್ನು ಅಹಮದಾಬಾದಿಗೆ ಎತ್ತಿ ಹಾಕಿದಾಗ ಅಕ್ಕನ ಮನೆಯಲ್ಲೇ ನನ್ನ ಬಿಡಾರ. ಹಾಗಾಗಿ ಎಲ್ಲಕ್ಕೂ ನಾನೇ ಸಾಕ್ಷಿ.

ಲ್ಯಾಬನ್ನು ಲ್ಯಾಬಿನಲ್ಲೇ ಬಿಟ್ಟು ಬರುವ ಜನ ಅಲ್ಲ ಅವರು. ಪಕ್ಕದ ಮನೆಯ ಗುಜರಾತಿ ಹೆಂಗಸು ಪ್ರೀತಿಯಿಂದ ಹಪ್ಪಳದಂತೆ ಗರಿಗರಿಯಾದ ಖಾಖರಾ ರೊಟ್ಟಿ ಕೊಟ್ಟರೆ, ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆರಳಲ್ಲಿ ಒತ್ತಿ, "ನೋಡು, ಸುಟ್ಟು ಕಪ್ಪಾದಲ್ಲೇ ಮುರೀತು!" ಅನ್ನುವರು. "ಭಾಯಿ, ಖಾವೋ ನೇ!" ತಿನ್ನಿ ಅಂತ ಆ ತಾಯಿ ಅಂಗಲಾಚುವಷ್ಟರಲ್ಲಿ ಖಾಖರಾ ಪುಡಿಪುಡಿ.

ಇಂಥವರು ವಿಮಾನ ಹತ್ತುವುದುಂಟೇ? ಅಕ್ಕನಿಗೋ ಊರಿನದೇ ಹಂಬಲ. ಕುಂದಾಪುರದಲ್ಲಿ ಅಣ್ಣನ ಜೊತೆಗಿದ್ದ ಅಮ್ಮನ ನೆನಪಾದರೆ ಒಗ್ಗರಣೆ ಹಾಕುತ್ತಲೇ ಮೂಗೆಳೆಯುವಳು. ರೈಲು, ಮತ್ತೆ ಬಸ್ಸು, ಎರಡು ದಿನದ ಹಾದಿ, ಹೋಗುವುದು ವರ್ಷಕ್ಕೊಮ್ಮೆ.

"ಒಂದ್ಸಲ ವಿಮಾನದಲ್ಲಿ ಹೋಗುವಾ ಅಂದ್ರೆ..."

"ಉರಿಯುವ ಮೊದಲೇ ಅಂಟು ಮೆತ್ತಗಾಗ್ತದೆ ಮಾರಾಯ್ತಿ! ಎಳೆದ್ರೆ ತಡೀತದೆ, ಒತ್ತಿದ್ರೆ ಮಡಚಿ ಬೀಳ್ತದೆ. ನನಗೆ ಗೊತ್ತುಂಟು!"

"ಎಲ್ಲ ಗೊತ್ತುಂಟು ನಿಮಗೆ. ಅಮ್ಮನ ಮುಖ ನೋಡ್ಲಿಕ್ಕೆ ನನಗೆಷ್ಟು ಆಸೆ ಅಂತ ಮಾತ್ರ ಗೊತ್ತಿಲ್ಲ."

ಭಾವ ಕನ್ನಡಕ ಒರೆಸಿಕೊಂಡರು.

ಒಂದು ಬೆಳಿಗ್ಗೆ ಅಣ್ಣನ ಫೋನು. ಅಮ್ಮನ ಕಾಯಿಲೆ ಜಾಸ್ತಿಯಾಗಿದೆ, ಕೂಡಲೇ ಬನ್ನಿ. ಅಕ್ಕ ಅಳುತ್ತಲೇ ಚೀಲಕ್ಕೆ ಬಟ್ಟೆ ತುರುಕಿದಳು, ನಾನು ರೈಲಿನ ಟೈಮ್‌ಟೇಬಲ್ ಹುಡುಕತೊಡಗಿದೆ. ಚಪ್ಪಲಿ ಮೆಟ್ಟಿ ಹೊರಟ ಭಾವ ಗಂಟೆಯೊಳಗೆ ವಾಪಸು ಬಂದರು, ಕೈಯಲ್ಲಿ ಮೂರು ವಿಮಾನದ ಟಿಕೆಟು!

ಮುಂಬಯಿ, ಅಲ್ಲಿಂದ ಮಂಗಳೂರು. ವಿಮಾನ ಮೇಲೇಳುವಾಗ ಭಾವನ ಅಂಗಿ ಬೆವರಿಗೆ ಒದ್ದೆ. ಅಕ್ಕನ ಕೈ ಮಾತ್ರ ಬಿಟ್ಟಿರಲಿಲ್ಲ.

"ಹೆದರಿಕೆ ಆಗ್ತದಾ ಭಾವ?" ಮೆಲ್ಲಗೆ ಕೇಳಿದೆ.

"ಜೀವ ಹೋಗುವಷ್ಟು. ಆದ್ರೆ ಇವಳು ಅಮ್ಮನನ್ನು ನೋಡದೆ ಇದ್ರೆ ಅಂತ ಅದಕ್ಕಿಂತ ಹೆದರಿಕೆ ಆಯ್ತು ಮಾರಾಯ."

ಸಂಜೆಗೆ ಮನೆ ಮುಟ್ಟಿದೆವು. ಅಮ್ಮ ಕಣ್ಣು ಬಿಟ್ಟು ಅಕ್ಕನ ಗುರುತು ಹಿಡಿದಳು. "ಬಂದ್ಯಾ? ಊಟ ಆಯ್ತಾ?" ಅಂದಳು. ಮರುದಿನ ಮಧ್ಯಾಹ್ನ ಅಕ್ಕನ ತೊಡೆಯ ಮೇಲೆ ತಲೆಯಿಟ್ಟೇ ಹೋದಳು. ರೈಲಿನಲ್ಲಾಗಿದ್ದರೆ ಆ ಹೊತ್ತಿಗೆ ನಾವಿನ್ನೂ ದಾರಿಯಲ್ಲಿರುತ್ತಿದ್ದೆವು.