ಹುಳದ ಫೌಜು ಯಾವಾಗ ಓಡಬೇಕು?

ಸಾಲಿ ಟೀಚರ್ ಆದವಳು ಮೇಜಿನ ಮೇಲೆ ಯುದ್ಧ ಹೂಡಿದರೆ ಇಂಥ ಫಜೀತಿಗಳು ಬೆನ್ನು ಬಿಡುವುದಿಲ್ಲ. ಬೀದರಿನ ಮೈಲೂರಿನಲ್ಲಿ ನನ್ನ ಮನೆ. ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ, ರಜೆಯಲ್ಲಿ ದಾಳ ಹಾಕಿ ಆಡುವ ಯುದ್ಧದಾಟಗಳಿಗೆ ನಿಯಮ ಬರೆಯುತ್ತೇನೆ. ಈ ಸಲದ್ದು ಮನುಷ್ಯರಿಗೂ ಬೇರೆ ಗ್ರಹದ ಹುಳಗಳಿಗೂ ಯುದ್ಧ. ಹುಣಸೆ ಬೀಜಕ್ಕೆ ತಂತಿಯ ಕಾಲು ಹಚ್ಚಿದರೆ ಒಂದು ಹುಳ.

ಹೈದರಾಬಾದಿನಲ್ಲಿ ಆಟ ಛಾಪಿಸುವ ಸಾಹೇಬರೊಬ್ಬರು ಖಡಾಖಂಡಿತ ಹೇಳಿದ್ದರು: "ಎಲ್ಲಾ ಛಲೋ ಅದ ಟೀಚರ್. ಆದ್ರ ಹುಳ ಯಾವಾಗ ಧೈರ್ಯಗೆಟ್ಟು ಓಡ್ತಾವ? ಆ ನಿಯಮ ಕೂಡಲಿಲ್ಲಂದ್ರ ಛಾಪಸಂಗಿಲ್ಲ. ಮುಂದಿನ ತಿಂಗಳು ನಾನೇ ಬಂದು ಆಡಿ ನೋಡ್ತೇನಿ." ಮೂರು ವರ್ಷ ಜೀವ ತೇಯ್ದ ಆಟ. ನನಗೆ ಅನ್ನ ಸೇರದಾಯಿತು.

೧. ಹೆದರದ ಹುಳ

ಹುಳಕ್ಕೆಂಥ ಹೆದರಿಕೆ, ಓಡುವುದೇ ಬೇಡ ಅಂತ ಬರೆದುಬಿಟ್ಟೆ. ನಮ್ಮ ಸಾಲಿಯ ಗಣಿತದ ಸರ್ ಮನುಷ್ಯರ ಕಡೆ ಆಡಲು ಬಂದರು. ಬೆಳಿಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಮೂರಾದರೂ ಎದ್ದಿರಲಿಲ್ಲ. ಎಷ್ಟು ಕೊಂದರೂ ಉಳಿದ ಹುಳ ಮುಂದೆ ಬರುತ್ತಲೇ ಇದ್ದವು. ಕೊನೆಗೆ ಸರ್ ದಾಳ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರಿ ಸರ್? ಯುದ್ಧ ಇನ್ನೂ ಮುಗಿದಿಲ್ಲ."

"ಯಾರಾರ ಒಬ್ಬರು ಓಡಬೇಕಲ್ರಿ ಟೀಚರ್. ಅವಂತೂ ಓಡಂಗಿಲ್ಲ, ನಾನೇ ಓಡ್ತೇನಿ."

೨. ಮುಂದಿನ ಕುರಿ

ಸಂತಪುರದಲ್ಲಿ ನಮ್ಮ ಕಾಕಾ ಕುರಿ ಸಾಕಿದ್ದಾರೆ. ಹಿಂಡು ಯಾವಾಗ ಬೆದರುತ್ತದೆ ಅಂತ ಅವರನ್ನು ಕೇಳಿದೆ.

"ಕುರಿಗಿ ಹೆದರಿಕಿನೂ ಇಲ್ಲ, ಧೈರ್ಯನೂ ಇಲ್ಲವಾ. ಮುಂದಿನದು ಹೋದಂಗ ಹಿಂದಿನವು ಹೋಗ್ತಾವ," ಅಂದರು.

ಅದನ್ನೇ ನಿಯಮ ಮಾಡಿದೆ: ಮುಂದಾಳು ಹುಳ ತಿರುಗಿದರೆ ಎಲ್ಲವೂ ತಿರುಗಬೇಕು. ಗಣಿತದ ಸರ್ ಅಷ್ಟರಲ್ಲಿ ರಜೆಗೆಂದು ತಮ್ಮೂರು ಭಾಲ್ಕಿಗೆ ಹೋಗಿದ್ದರು. ಅಲ್ಲಿಗೇ ಹೋಗಿ ಕೈಕಾಲು ಹಿಡಿದು ಆಟಕ್ಕೆ ಕೂರಿಸಿದೆ. ಸರ್ ಮೊದಲ ದಾಳದಲ್ಲೇ ನನ್ನ ಮುಂದಾಳಿಗೆ ಹೊಡೆದರು. ಅದು ತಿರುಗಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ನಾನು ಬರೆದ ನಿಯಮ, ನನ್ನ ಕೈಯಿಂದಲೇ ಅರವತ್ತು ಹುಳಗಳನ್ನು ಸಾಲಾಗಿ ಮೇಜಿನಿಂದ ಕೆಳಗೆ ದೂಡಿದೆ. ಅಷ್ಟರಲ್ಲಿ ಸರ್ ಮನೆಯವರು ಚಹಾ ತಂದು ಖಾಲಿ ಮೇಜು ನೋಡಿದರು.

"ಇನ್ನಾ ಶುರು ಮಾಡಿಲ್ಲೇನ್ರಿ?"

೩. ಮಾಳಿಗಿ ಮೇಲಿನ ಯುದ್ಧ

ನನ್ನ ಮೋರೆ ನೋಡಲಾರದೆ ಸರ್ ಒಂದು ಚೀಲ ಮನೆ ತೊಗರಿ ಕೊಟ್ಟು ಕಳಿಸಿದರು. ಬಸ್ಸಿನ ಅವಸರದಲ್ಲಿ ಹುಳಗಳನ್ನೂ ಅದೇ ಚೀಲಕ್ಕೆ ಸುರಿದೆ.

ಸಾಹೇಬರು ಬಂದ ದಿನ ನೋಡಿದರೆ ಚೀಲ ಇಲ್ಲ. ತೊಗರಿಗೆ ನುಸಿ ಹತ್ತಿದೆ ಅಂತ ನಮ್ಮತ್ತಿ ಕಾಳು, ಫೌಜು ಎಲ್ಲವನ್ನೂ ಮಾಳಿಗಿ ಮೇಲೆ ಹಳೆ ಸೀರೆ ಹಾಸಿ ಬಿಸಿಲಿಗೆ ಹರವಿದ್ದರು.

"ಅತ್ತಿ, ಆ ಬೀಜ ಬೇಕ್ರಿ!"

"ನುಸಿ ಹೋಗೋತನಕ ಏನೂ ಕೆಳಗ ಒಯ್ಯಬ್ಯಾಡ. ಒಂದು ಹೊಕ್ಕ್ರ ಮನಿ ಕಾಳೆಲ್ಲ ಹಾಳು."

ಸಾಹೇಬರು ಗಡಿಯಾರ ನೋಡಿದರು. "ನಾ ಔರಾದಕ್ಕ ಹೋಗೋದದ. ನಡೀರಿ, ಅಲ್ಲೇ ಆಡೋಣ."

ನಡು ಮಧ್ಯಾಹ್ನ, ಬರಿಗಾಲು. ನನ್ನ ಹತ್ತಿರ ಹುಳ ಓಡುವ ನಿಯಮವೇ ಇರಲಿಲ್ಲ. ಸಾಹೇಬರು ದಾಳ ಹಾಕಿ ಹತ್ತು ಹುಳ ಕೊಂದರು. "ಈಗ ಓಡ್ತಾವೇನ್ರಿ?"

"ಇಲ್ರಿ."

ಇನ್ನಿಪ್ಪತ್ತು ಕೊಂದರು. "ಈಗ?"

ಮೂರು ವರ್ಷ ಮಣ್ಣುಪಾಲಾಯಿತು ಅಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ನೆರಳಿನಿಂದ ಅತ್ತಿ ರೇಗಿದರು: "ಬಡದ್ರ ನುಸಿ ಹೋಗ್ತಾವೇನ್ರಿ? ಕುಂತ ಜಾಗಾ ಕಾಯಿಸ್ರಿ, ತಾವೇ ಹೋಗ್ತಾವ!"

ಸಾಹೇಬರ ಕೈ ನಿಂತಿತು. ಮರುಕ್ಷಣವೇ ಅಂಗಾಲು ಚುರ್ರೆಂದು ನೆರಳಿಗೆ ಓಟ ಕಿತ್ತರು. ಹಿಂದೆಯೇ ನಾನು.

"ಇದೇ ನಿಯಮ ಟೀಚರ್!" ಸಾಹೇಬರು ಏದುಸಿರು ಬಿಡುತ್ತಿದ್ದರು. "ಎಷ್ಟು ಸತ್ತರೂ ಹುಳ ಓಡಂಗಿಲ್ಲ, ನಿಂತ ಜಾಗಾ ಸುಟ್ಟ್ರ ಓಡ್ತಾವ. ಬರೀರಿ, ಛಾಪಸ್ತೇನಿ."

ಖುಷಿಗೆ ಅತ್ತಿ ಕಾಲಿಗೆ ಬೀಳಲು ಬಗ್ಗಿದೆ. ಅವರು ಕಣ್ಣು ಕಿರಿದು ಮಾಡಿ ಸೀರೆಯ ಕಡೆಗೇ ನೋಡುತ್ತಿದ್ದರು.

"ನಾಕು ನುಸಿ ಇನ್ನೂ ಅಲ್ಲೇ ಕುಂತಾವ. ನೀವಿಬ್ಬರೇ ಓಡಿ ಬಂದೀರಿ."