ಎಡಗಡೆ ಮಡ್‌ಗಾರ್ಡು

ಮೂಡಿಗೆರೆಯಲ್ಲಿ ನನ್ನದೊಂದು ಟಿಂಕರಿಂಗ್ ಶೆಡ್ ಇದೆ. ಗುದ್ದಿಕೊಂಡು ಬಂದ ಗಾಡಿಗಳನ್ನು ಬಡಿದು ಮೊದಲಿನ ಆಕಾರಕ್ಕೆ ತರುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ‘ನಾನೇ ಗುದ್ದಿದೆ’ ಎಂದು ಒಪ್ಪಿಕೊಂಡವರು ಒಬ್ಬರೂ ಬಂದಿಲ್ಲ. ಮರ ಅಡ್ಡ ಬಂದಿರುತ್ತದೆ, ಗೇಟು ತಾನಾಗಿ ಮುಚ್ಚಿಕೊಂಡಿರುತ್ತದೆ, ಒಬ್ಬರಿಗಂತೂ ರಸ್ತೆ ಬದಿಯ ಮೋರಿಯೇ ಬಂದು ಹೊಡೆದಿತ್ತು. ಇಂಥವು ದಿನವೂ ನಡೆಯುತ್ತವೆ, ನಾನು ಮುಖ ಗಂಟಿಕ್ಕಿಕೊಂಡು ಕೇಳಿಸಿಕೊಳ್ಳುತ್ತೇನೆ. ಆದರೆ ಒಂದು ಕಾರ್ ಕಂಪನಿಯವರು ಹಳೇ ಜೀಪಿನ ಧಾಟಿಯಲ್ಲಿ ಹೊಸ ಗಾಡಿಯೊಂದರ ಮಾದರಿ ಮಾಡಿದಾಗ ನಡೆದದ್ದಿದೆಯಲ್ಲ, ಅದರಲ್ಲಿ ತಪ್ಪಿತಸ್ಥ ನಾನೇ. ಅದಕ್ಕೇ ಬರೆದಿಡುತ್ತಿದ್ದೇನೆ.

ಬೋರ್ಡೋ

ಕಂಪನಿಯವರಿಗೆ ಅಳತೆ ತೆಗೆಯಲು ಒಂದು ಹಳೇ ಜೀಪು ಬೇಕಿತ್ತು, ಬಾಡಿ ಬದಲಾಯಿಸಿರಬಾರದು. ನಮ್ಮ ಕಡೆ ಜೀಪಿಗೇನೂ ಬರವಿಲ್ಲ. ಆದರೆ ಒಂದನ್ನು ಹಿಂದೆ ಉದ್ದ ಮಾಡಿಸಿರುತ್ತಾರೆ, ಇನ್ನೊಂದಕ್ಕೆ ಮೇಲೆ ತಗಡು ಹೊದಿಸಿರುತ್ತಾರೆ. ಹುಟ್ಟಿದ ಹಾಗೇ ಉಳಿದದ್ದು ಗೌಡರ ಜೀಪೊಂದೇ. ಗೌಡರೆಂದರೆ ಇಲ್ಲೇ ಆರೇಳು ಮೈಲಿ ಆಚೆ ಕಾಫಿ ತೋಟ ಇರುವ, ಎಂಬತ್ತರ ಹತ್ತಿರದ ಹಿರಿಯರು. ಅವರ ಜೀಪು ಹುಟ್ಟಿದ ಹಾಗೇ ಇದೆ ಅಂದೆನಲ್ಲ, ಮುಂದಿನ ಎಡಗಡೆ ಮಡ್‌ಗಾರ್ಡ್ ಒಂದನ್ನು ಬಿಟ್ಟು.

ಗೌಡರ ಹೆಂಡತಿಯನ್ನು ನಾವೆಲ್ಲ ಅಮ್ಮ ಅನ್ನುತ್ತಿದ್ದೆವು. ಅವರು ಜೀಪು ಕಲಿಯುವಾಗ ಕಾಫಿ ಒಣಗಿಸುವ ಕಣದ ಗೋಡೆಗೆ ಗುದ್ದಿದ್ದರು. ನಾನಾಗ ಶೆಡ್ ತೆರೆದ ಹೊಸತು, ಅದೇ ನನ್ನ ಮೊದಲ ಕೆಲಸ. ಎಷ್ಟು ಬಡಿದರೂ ನೆಟ್ಟಗಾಗದೆ ಲೈಟಿನ ಪಕ್ಕದಿಂದ ಕೆಳಕ್ಕೆ ಒಂದು ಸೊಟ್ಟ ಉಳಿದೇ ಹೋಯಿತು. ಕೈ ಪಳಗಿದ ಮೇಲೆ ಪ್ರತಿ ವರ್ಷವೂ ಕೇಳಿದ್ದೇನೆ, “ಗೌಡ್ರೇ, ಅದೊಂದು ಸರಿ ಮಾಡಿ ಕೊಡ್ತೀನಿ.”

“ಇರ್ಲಿ ಬಿಡು ಮಾರಾಯ” ಅನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಹೋದರು. ಆಮೇಲೆ ಕೇಳಿದಾಗಲೆಲ್ಲ ಅವರು ಆ ಸೊಟ್ಟವನ್ನೊಮ್ಮೆ ಸವರಿ ಜೀಪು ಹತ್ತಿ ಹೊರಟುಬಿಡುತ್ತಿದ್ದರು. ನನಗೋ ಆ ಜೀಪು ಪೇಟೆಗೆ ಬಂದಾಗಲೆಲ್ಲ ಮೈ ಹಿಡಿಯಾಗುತ್ತಿತ್ತು, ನನ್ನ ಕೆಟ್ಟ ಕೆಲಸ ಊರ ಮುಂದೆ ಓಡಾಡುತ್ತಿದೆಯಲ್ಲ ಎಂದು.

ಕಂಪನಿಯವರನ್ನು ಗೌಡರ ತೋಟಕ್ಕೆ ನಾನೇ ಕರೆದುಕೊಂಡು ಹೋದೆ. ಅಳತೆಯ ಕ್ಯಾಮೆರಾಕ್ಕೆ ಹೊಳಪು ಹೊಡೆಯದಂತೆ ಅವರು ಜೀಪಿಗೆಲ್ಲ ಬಿಳಿ ಪುಡಿ ಸಿಂಪಡಿಸಿದರು. ನಾನು ಮೆಲ್ಲಗೆ, “ಎಡಗಡೆ ಬಿಟ್ಟುಬಿಡಿ, ಬಲಗಡೇದನ್ನೇ ತಿರುಗಿಸಿ ಹಾಕ್ಕೊಳ್ಳಿ” ಎಂದೆ. ಗೌಡರಿಗೆ ಕೇಳಿಸಿಬಿಟ್ಟಿತು.

“ಇದ್ದಂಗೆ ತಗೊಳ್ಳಿ” ಎಂದರು.

ಅಷ್ಟರಲ್ಲಿ ಆಳುಗಳನ್ನು ಕೆಲಸಕ್ಕೆ ಹಚ್ಚಿ ಬಂದ ತೋಟದ ಮೇಸ್ತ್ರಿ ಜೀಪನ್ನು ಒಂದು ಸುತ್ತು ಬಂದು ನೋಡಿದ. “ಜೀಪಿಗೂ ಬೋರ್ಡೋ ಹೊಡ್ಸಿದ್ರಾ ಗೌಡ್ರೇ?” ಎಂದು ಕೇಳಿದ. ಬೋರ್ಡೋ ಅಂದರೆ ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ರೋಗ ಬಾರದಿರಲೆಂದು ಹೊಡೆಯುವ ಮದ್ದು. ಆಮೇಲೆ ಅವನೇ ಬಗ್ಗಿ ಗಾಡಿಯ ಅಡಿ ನೋಡಿದ.

“ಬುಡಕ್ಕೆ ಹೊಡ್ದೇ ಇಲ್ಲ. ರೋಗ ಶುರುವಾಗೋದೇ ಬುಡದಿಂದ” ಎಂದು ಹೇಳಿ ಹೋದ.

ಒಂದೇ ಬೆಂಚು

ಮಳೆ ಹಿಡಿದ ಮೇಲೆ ಹೊಸ ಗಾಡಿಯ ಫೋಟೊ ಎಲ್ಲರ ಫೋನಿಗೂ ಬಂತು. ನನ್ನ ಶೆಡ್ಡಿನ ಬೆಂಚಿನಲ್ಲಿ ಇಬ್ಬರು ಕಾಯಂ. ಒಬ್ಬ ಕಳಸದ ಕಡೆ ಜೀಪು ಓಡಿಸುವ ಡ್ರೈವರ್. ಇನ್ನೊಬ್ಬರು ಕುದುರೆಮುಖದ ಗಣಿಯಲ್ಲಿ ಗಾಡಿ ರಿಪೇರಿ ಮಾಡಿಕೊಂಡಿದ್ದು, ಗಣಿ ನಿಂತ ಮೇಲೆ ಇಲ್ಲಿಗೆ ಬಂದ ಮೆಕ್ಯಾನಿಕ್. ಇಬ್ಬರಿಗೂ ಜೀಪೆಂದರೆ ಪ್ರಾಣ.

“ಲೈಟು ಗುಂಡಗಿದೆ, ಅದೊಂದು ಸರಿ” ಎಂದರು ಮೆಕ್ಯಾನಿಕ್. “ಈಗಿನ ಗಾಡಿಗಳು ಯಾರ ಮೇಲೋ ಗುಮಾನಿ ಇದ್ದಂಗೆ ಕಣ್ಣು ಕಿರಿದು ಮಾಡ್ಕೊಂಡಿರ್ತವೆ.”

ಬಣ್ಣದ ಹೆಸರು ‘ಕಾಫಿ ಎಲೆ ಹಸಿರು’ ಎಂದು ಬರೆದಿತ್ತು. ಡ್ರೈವರ್ ಫೋಟೊ ದೊಡ್ಡದು ಮಾಡಿ ನೋಡಿ, “ಈ ಹಸಿರು ಎಲೆ ನಮ್ಮ ಕಡೆ ಇದ್ರೆ ಗೊಬ್ಬರ ಜಾಸ್ತಿ ಬಿದ್ದಿದೆ ಅಂತಾರೆ” ಎಂದ. ಮಡ್‌ಗಾರ್ಡ್ ಮೇಲೆ ಟೀ ಲೋಟ ನಿಲ್ಲುತ್ತದೋ ಇಲ್ಲವೋ ಎಂಬುದು ಅವನ ಮುಖ್ಯ ಚಿಂತೆ.

ಜಗಳ ಹತ್ತಿದ್ದು ಸ್ಟೆಪ್ನಿಯಿಂದ. ಅದು ಹಿಂದೆ ಇರಬೇಕೆಂದು ಮೆಕ್ಯಾನಿಕ್, ಪಕ್ಕದಲ್ಲಿರಬೇಕೆಂದು ಡ್ರೈವರ್. ಮಾತಿಗೆ ಮಾತು ಬೆಳೆದು, ಮಾತೇ ನಿಂತಿತು. ಆದರೂ ಇಬ್ಬರೂ ದಿನಾ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದರು, ನಾನು ಸುತ್ತಿಗೆ ಕೆಳಗಿಟ್ಟು ನಡುವೆ ಮಾತು ಸಾಗಿಸಬೇಕಿತ್ತು.

“ಸ್ಟೆಪ್ನಿ ಹಿಂದಿದ್ರೆ ಜನ ಹತ್ತೋದು ಹೆಂಗೆ ಅಂತ ಕೇಳು ಅವ್ರನ್ನ.”

“ಮುಂದಿಂದ ಹತ್ತಲಿ ಅಂತ ಹೇಳು ಅವ್ನಿಗೆ.”

ಒಂದು ವಾರ ಹೀಗೇ ನಡೆಯಿತು. ಕೊನೆಗೆ ರಾಜಿಯಾದದ್ದೂ ನನ್ನ ಮೂಲಕವೇ, ಇಬ್ಬರೂ ಸೇರಿ ನನ್ನನ್ನು ಬೈಯುವುದರಲ್ಲಿ. ಯಾಕೆಂದರೆ ಫೋಟೊದಲ್ಲಿ ಎಡಗಡೆ ಮಡ್‌ಗಾರ್ಡ್ ಸೊಟ್ಟಗಿದ್ದದ್ದು ಇಬ್ಬರ ಕಣ್ಣಿಗೂ ಒಟ್ಟಿಗೇ ಬಿತ್ತು.

ಹೊಟ್ಟೆ

ಆಮೇಲೆ ಗಾಡಿಯನ್ನು ಚಿಕ್ಕಮಗಳೂರಿನ ಒಂದು ಹಾಲ್‌ನಲ್ಲಿ ತಂದು ನಿಲ್ಲಿಸಿದರು. ಹಳೇ ಜೀಪಿನವರಿಗೆಲ್ಲ ಆಹ್ವಾನ. ಗಾಡಿಯ ರೂಪ ಬರೆದ ಹುಡುಗಿ ಮೈಸೂರಿನವಳು, ಮೈಕ್ ಹಿಡಿದು ನಿಂತಿದ್ದಳು. “ಎಲ್ಲರೂ ಬನ್ನಿ, ನೋಡಿ, ಮೊದಲು ಏನನ್ನಿಸಿತೋ ಅದನ್ನೇ ಹೇಳಿ” ಎಂದಳು.

ನಮ್ಮ ಕಡೆಯವರು ಮುಂದೆ ಹೋದರು. ಡ್ರೈವರ್ ಹೆಗಲ ಮೇಲಿನ ಟವಲ್ ಹಾಸಿ ಗಾಡಿಯ ಪಕ್ಕ ಮಲಗಿದ. ಮೆಕ್ಯಾನಿಕ್ ಮಲಗಿದರು. ನಂತರ ಒಬ್ಬೊಬ್ಬರಾಗಿ ಹತ್ತು ಹನ್ನೆರಡು ಜನ ಬಿಳಿ ಪಂಚೆ, ಇಸ್ತ್ರಿ ಶರ್ಟಿನಲ್ಲಿ ಆ ಕೆಂಪು ಹಾಸಿನ ಮೇಲೆ ಅಂಗಾತ ಮಲಗಿಬಿಟ್ಟರು. ಹುಡುಗಿ ಗಾಬರಿಯಾಗಿ ನನ್ನತ್ತ ನೋಡಿದಳು. ನಮ್ಮಲ್ಲಿ ಗಾಡಿ ನೋಡುವುದೇ ಹಾಗೆ, ಅಡಿಯ ಚಾಸಿ ತುಕ್ಕು ಹಿಡಿದಿದೆಯೇ ಎಂದು ತಿಳಿಯದೆ ಯಾರೂ ಬಣ್ಣದ ಬಗ್ಗೆ ಮಾತಾಡುವುದಿಲ್ಲ ಎಂದು ಹೇಳಿದೆ.

“ಸರ್, ದಯವಿಟ್ಟು ಮುಂಭಾಗ ನೋಡಿ” ಎಂದು ಅವಳು ಬೇಡಿಕೊಂಡಳು.

“ಮುಖ ಎಲ್ಲಿ ಹೋಗುತ್ತಮ್ಮ, ಮೊದ್ಲು ಹೊಟ್ಟೆ ನೋಡಾಣ” ಎಂದ ಡ್ರೈವರ್.

ಅಡಿಯಲ್ಲಿ ಇದ್ದದ್ದು ಪ್ಲೈವುಡ್ ಹಲಗೆ. ಬರಿಯ ಪ್ರದರ್ಶನದ ಮಾದರಿಯಾದ್ದರಿಂದ ಎಂಜಿನ್ನೇ ಇರಲಿಲ್ಲ. ಮೆಕ್ಯಾನಿಕ್ ಮೊದಲು ಎದ್ದು, ಟೋಪಿ ತೆಗೆದು, ಸಾವಿನ ಮನೆಯಿಂದ ಹೊರಬಂದವರಂತೆ ನಿಂತರು.

“ತುಕ್ಕು ಹಿಡಿಯೋ ಭಯ ಇಲ್ಲ. ಗೆದ್ದಲು ನೋಡ್ಕೊಳ್ಳಿ” ಎಂದರು.

ಗೆರೆ

ಬೆಂಗಳೂರಿನಿಂದ ಬಂದ ಕಾರು ಪ್ರೇಮಿಗಳೂ ಇದ್ದರು, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡವರು. ಹುಡುಗಿ ಅವರಿಗೆ, “ಈ ಗಾಡಿಯ ಜೀವ ಇರೋದು ಎಡಗಡೆಯ ಈ ಗೆರೆಯಲ್ಲಿ. ಬೆಟ್ಟದಿಂದ ಹಳ್ಳ ಇಳಿದು ಬಂದ ಹಾಗಿದೆ. ಹಳೇ ಜೀಪಿನಲ್ಲಿ ಇದನ್ನು ಕಂಡ ದಿನ ನಮಗ್ಯಾರಿಗೂ ನಿದ್ದೆ ಬರಲಿಲ್ಲ” ಎಂದಳು. ನನಗೆ ಮೂವತ್ತು ವರ್ಷದಿಂದ ಬಂದಿಲ್ಲ ಅಂತ ಹೇಳೋಣ ಅನ್ನಿಸಿತು.

ಒಬ್ಬ ಮಂಡಿಯೂರಿ ಅದನ್ನು ಸವರಿದ. “ಅಂದಿನ ಕೆಲಸಗಾರರು ಬೇಕಂತಲೇ ಹೀಗೆ ಮಾಡ್ತಿದ್ರು. ಅಂಥ ಕೈ ಈಗ ಇಲ್ಲ” ಎಂದ. ಅಂಥ ಕೈ ಅವನ ಹಿಂದೆಯೇ ನಿಂತು ಬೆವರುತ್ತಿತ್ತು. ಗೌಡರು ಒಂದು ಮಾತು ಆಡಿದರೆ ನನ್ನ ಮಾನ ಎರಡು ಜಿಲ್ಲೆಯ ಜೀಪಿನವರ ಮುಂದೆ ಹೋಗುತ್ತಿತ್ತು. ಮೈಕ್ ನೇರ ಅವರ ಕೈಗೇ ಹೋಯಿತು.

“ಆ ಗೆರೆ ನನ್ನ ಹೆಂಡ್ತೀದು” ಎಂದರು.

“ಮೇಡಂ ಡಿಸೈನರ್ರಾ ಸರ್? ಎಲ್ಲಿ ಕಲಿತಿದ್ದು?” ಎಂದ ಮಂಡಿಯೂರಿದ್ದವನು.

“ನಮ್ಮ ಕಣದಲ್ಲೇ.”

“ಒಬ್ಬರೇ ಮಾಡಿದ್ರಾ?”

ಗೌಡರು ತಿರುಗಿ ನನ್ನನ್ನು ನೋಡಿದರು. “ಶುರು ಮಾಡಿದ್ದು ಅವಳು. ಕೆಡಿಸಿದ್ದು ಇವನು.”

ದೊಡ್ಡವರು ವಿನಯದಿಂದ ಹೇಳುತ್ತಿದ್ದಾರೆಂದು ತಿಳಿದು ಹಾಲ್‌ಗೆ ಹಾಲೇ ಚಪ್ಪಾಳೆ ಹೊಡೆಯಿತು. ಹುಡುಗಿಗೆ ಮಾತ್ರ ಅರ್ಥವಾಯಿತು. ಆಮೇಲೆ ಪಕ್ಕಕ್ಕೆ ಬಂದು, “ಸರ್, ಅದನ್ನು ನೇರ ಮಾಡಿಸಿಬಿಡಲಾ?” ಎಂದು ಮೆಲ್ಲಗೆ ಕೇಳಿದಳು.

“ಬೇಡಮ್ಮ. ಗಾಡಿ ಮಾರಾಟಕ್ಕೆ ಬಂದ್ರೆ ಎಲ್ಲೆಲ್ಲೋ ಓಡುತ್ತಲ್ಲ. ಅವಳಿಗೆ ಊರು ಸುತ್ತೋ ಆಸೆ ಇತ್ತು. ನಾನು ತೋಟ ಬಿಟ್ಟು ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ” ಎಂದರು ಗೌಡರು. ಅವರು ಮೈಕ್ ಇನ್ನೂ ಆರಿಸಿರಲಿಲ್ಲ, ಎಲ್ಲರಿಗೂ ಕೇಳಿಸಿತ್ತು.

ಮೂರು ಜೀಪು

ಮುಂದಿನ ವಾರ ಆಲ್ದೂರಿನಿಂದ ಇಬ್ಬರು, ಅತ್ತಿಗುಂಡಿಯಿಂದ ಒಬ್ಬರು ತಮ್ಮ ತಮ್ಮ ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಒಂದಕ್ಕೂ ಒಂದು ಗೀರು ಇರಲಿಲ್ಲ. “ಎಡಗಡೆಗೆ ಆ ಗೆರೆ ಹಾಕಿ ಕೊಡು” ಎಂದರು.

ಮೊದಲು ಗುಜರಿ ಮಡ್‌ಗಾರ್ಡ್ ಒಂದನ್ನು ತಗೊಂಡು ಪ್ರಯತ್ನಿಸಿದೆ. ಮೂರು ದಿನ ಬಡಿದೆ. ಇಷ್ಟು ವರ್ಷ ಸೊಟ್ಟವನ್ನು ನೆಟ್ಟಗೆ ಮಾಡಿ ಮಾಡಿ ಕೈಗೆ ಕೆಟ್ಟ ಕೆಲಸ ಮರೆತೇ ಹೋಗಿತ್ತು. ಡ್ರೈವರ್ ಇನ್ನೂ ಮೇಲೆ ಹೊಡಿ ಎಂದ, ಮೆಕ್ಯಾನಿಕ್ ಇನ್ನೂ ಕೆಳಗೆ ಎಂದರು, ಮತ್ತೆ ಅವರಿಬ್ಬರ ಮಾತು ನಿಂತಿತು. ಗೌಡರು ಬೆಂಚಿನ ತುದಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

ನಾನು ಸೋತು ಸುತ್ತಿಗೆ ಕೆಳಗಿಟ್ಟೆ. “ಆಗ್ತಾ ಇಲ್ಲ ಗೌಡ್ರೇ.”

“ಅದು ಸುತ್ತಿಗೆಗೆ ಬರೋದಲ್ಲ ಮಾರಾಯ” ಎಂದರು. “ಕಣದ ಗೋಡೆ ಬೇಕಾದ್ರೆ ನಾನೇ ಕೊಡ್ತೀನಿ. ಬ್ರೇಕು ಅಂತ ಆಕ್ಸಿಲರೇಟರ್ ಒತ್ತಿ, ಗುದ್ದಿದ ಮೇಲೆ ಕೆಳಗಿಳಿದು, ಗೋಡೆ ಯಾಕ್ರೀ ಇಲ್ಲಿ ಕಟ್ಸಿದ್ರಿ ಅಂತ ನನ್ನನ್ನೇ ಬೈಯೋಳನ್ನ ಎಲ್ಲಿಂದ ತರ್ತೀಯ?”